ಕೋಟೆ, ಗುಡ್ಡ, ಹೊಲ: ಮಲಪ್ರಭೆ ಸೀಮೆಯ ಬದುಕು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂದರೆ ನೋಡಲು ಬರುವವರಿಗೆ ರಾಣಿಯ ಕೋಟೆ, ಯಲ್ಲಮ್ಮನ ಗುಡ್ಡ. ಇಲ್ಲಿ ಹುಟ್ಟಿ ಬೆಳೆದವರಿಗೆ ಮೊದಲು ಹೊಲ, ಆಮೇಲೆ ಉಳಿದದ್ದು.

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯನ್ನು ಕಿತ್ತೂರಿನ ಬಳಿ ಬಿಟ್ಟು ಬಲಕ್ಕೆ ಹೊರಳಿದರೆ ನೆಲ ಊರೂರಿಗೆ ಬಣ್ಣ ಬದಲಿಸುತ್ತದೆ. ಕಿತ್ತೂರಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗಳಿವೆ. ಬೈಲಹೊಂಗಲದ ಸುತ್ತ ಎರೆಹೊಲ: ಮುಂಗಾರಿಗೆ ಸೋಯಾ, ಹೆಸರು, ಹತ್ತಿ, ಹಿಂಗಾರಿಗೆ ಕಡಲೆ, ಬಿಳಿಜೋಳ, ನೀರಿದ್ದಲ್ಲಿ ಕಬ್ಬು. ಸವದತ್ತಿಗೆ ಬಂದರೆ ಆ ಕಪ್ಪು ನೆಲದ ನಡುವೆ ಕಲ್ಲುಗುಡ್ಡಗಳು ಏಳುತ್ತವೆ. ರಾಮದುರ್ಗದ ಕಡೆ ಮಳೆ ಇನ್ನೂ ಕಡಿಮೆ. ಹೊಳೆದಂಡೆಯಲ್ಲಿ ಕಬ್ಬು ಆಳೆತ್ತರ ನಿಂತಿರುವಾಗಲೇ ಅಲ್ಲಿಂದ ಎರಡು ಊರು ಆಚೆಗೆ ಸಜ್ಜೆ ಬಿತ್ತಿದವರು ಮುಗಿಲು ನೋಡುತ್ತಿರುತ್ತಾರೆ. ಇಷ್ಟು ಬಗೆಯ ನೆಲವನ್ನು ಒಂದು ಸೀಮೆಯಾಗಿ ಹಿಡಿದಿರುವುದು ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಈ ಸೀಮೆಯನ್ನು ಹಾಯ್ದು, ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ.

ಕೋಟೆ ಮತ್ತು ಗುಡ್ಡ ಎರಡೂ ನೋಡಲೇಬೇಕಾದ ಜಾಗಗಳು. ಆದರೆ ಹೊಲವನ್ನು ಬಿಟ್ಟು ಈ ಸೀಮೆಯ ಇನ್ನೂರು ವರ್ಷದ ಕಥೆ ಹೇಳಲಾಗದು. ಹೊಲ ಯಾರದು, ಅದರ ಮೇಲೆ ಕರ ಎಷ್ಟು, ನೀರು ಎಲ್ಲಿಂದ, ಮುಂದೆ ಯಾರ ಪಾಲಿಗೆ? ಕಿತ್ತೂರಿನ ಕಾಳಗದಿಂದ ಹಿಡಿದು ಇವತ್ತು ತಹಶೀಲ್ದಾರ್ ಕಚೇರಿಯಲ್ಲಿ ಕೂತಿರುವ ಅಣ್ಣತಮ್ಮಂದಿರವರೆಗೆ ಎಲ್ಲರ ಮುಂದಿರುವುದೂ ಈ ಪ್ರಶ್ನೆಗಳೇ.

ವಾರಸುದಾರಿಕೆಯಿಂದ ಹುಟ್ಟಿದ ಕಾಳಗ

ಕಿತ್ತೂರಿನ ಕೋಟೆಯಲ್ಲಿ ಇಂದು ಉಳಿದಿರುವುದು ಮಾಡು ಕಳೆದುಕೊಂಡ ಅರಮನೆಯ ಗೋಡೆಗಳು, ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಕೂರಿಸಿದ ಕಿಂಡಿ, ಆವರಣದಲ್ಲೊಂದು ವಸ್ತುಸಂಗ್ರಹಾಲಯ. ಈ ಅರಮನೆ ಹಾಳಾದದ್ದು ವಾರಸುದಾರಿಕೆಯ ಜಗಳದಿಂದ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಳ್ಳುವ ಮುನ್ನ ದತ್ತು ತೆಗೆದುಕೊಂಡ ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಸಂಸ್ಥಾನದ ಆಡಳಿತಕ್ಕೂ ಖಜಾನೆಗೂ ಕೈ ಹಾಕಿದ. ರಾಣಿ ಚೆನ್ನಮ್ಮ ಮಣಿಯಲಿಲ್ಲ. ಆ ವರ್ಷದ ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿದ ಕಂಪನಿ ಸರ್ಕಾರ ಕೋಟೆಯನ್ನು ವಶಮಾಡಿಕೊಂಡಿತು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಕಣ್ಣುಮುಚ್ಚಿದಳು. ಅವಳ ಸಮಾಧಿ ಆ ಪಟ್ಟಣದಲ್ಲೇ ಇದೆ.

ರಾಣಿಯ ಬೆನ್ನಿಗೆ ನಿಂತ ಸಂಗೊಳ್ಳಿ ರಾಯಣ್ಣ ಬೈಲಹೊಂಗಲ ತಾಲ್ಲೂಕಿನವನು. ಅವನು ಶೇತಸನದಿ, ಅಂದರೆ ಊರು ಕಾಯುವ ಸೇವೆಗೆ ಪ್ರತಿಯಾಗಿ ಹೊಲ ಪಡೆದವನು. ಕಿತ್ತೂರು ಬಿದ್ದ ಮೇಲೆ ಅವನ ಹೊಲದ ಬಹುಪಾಲನ್ನು ಸರ್ಕಾರ ಕಿತ್ತುಕೊಂಡು ಉಳಿದದ್ದರ ಮೇಲೆ ಭಾರಿ ಕಂದಾಯ ಹೇರಿತೆಂದು ಚರಿತ್ರೆ ಹೇಳುತ್ತದೆ. ಅವನ ದಂಡು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಿತು, ಖಜಾನೆ ಲೂಟಿ ಮಾಡಿತು. ಹಳ್ಳಿಗಳು ಅವನಿಗೆ ಅನ್ನ, ಆಸರೆ ಕೊಟ್ಟದ್ದರ ಹಿಂದೆ ರಾಣಿಯ ಮೇಲಿನ ನಿಷ್ಠೆಯೂ ಇತ್ತು, ಹೊಲ ಹೋದವರ ಸಂಕಟವೂ ಇತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಂಗೊಳ್ಳಿಗೆ ಹೋದವರು ಅವನ ಹೆಸರಿನ ಸೈನಿಕ ಶಾಲೆಯನ್ನು ಕಾಣಬಹುದು. ಕಿತ್ತೂರಿನಲ್ಲಿ ಚೆನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ಶಾಲೆ 1969ರಿಂದ ನಡೆಯುತ್ತಿದೆ.

ಬಾಂದ ದಾಟಿದರೆ ಬೇರೆ ದೊರೆ

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು 1948ರವರೆಗೆ ಹಲವು ಒಡೆಯರ ಕೈಯಲ್ಲಿದ್ದವು. ಬೈಲಹೊಂಗಲದ ಭಾಗ ಸಂಪಗಾವ ತಾಲ್ಲೂಕು, ಸವದತ್ತಿಯ ಭಾಗ ಪರಸಗಡ ತಾಲ್ಲೂಕು; ಎರಡೂ ಮುಂಬಯಿ ಸರ್ಕಾರದವು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಅದರ ಪಕ್ಕದ ತೊರಗಲ್ಲು ಕೊಲ್ಹಾಪುರದ ಅಧೀನದಲ್ಲಿದ್ದ ಶಿಂದೆಯವರ ಜಹಗೀರು. ಹೊಲದ ಬಾಂದ ದಾಟಿದರೆ ಕಂದಾಯವೂ ಕಾನೂನೂ ಬೇರೆಯಾಗುತ್ತಿದ್ದ ಕಾಲ ಅದು. 1939ರ ಏಪ್ರಿಲ್‌ನಲ್ಲಿ ರಾಮದುರ್ಗದ ಪ್ರಜಾಸಂಘದ ಚಳವಳಿ ರಕ್ತಪಾತಕ್ಕೆ ತಿರುಗಿತು. ಸ್ವಾತಂತ್ರ್ಯದ ನಂತರ ಸಂಸ್ಥಾನ ವಿಲೀನವಾಯಿತು. ಗೌಡಕಿ, ಕುಲಕರ್ಣಿಕಿಯ ವತನಗಳು 1961ರ ಕಾಯ್ದೆಯಿಂದ ರದ್ದಾದವು. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಉಳುತ್ತಿದ್ದ ಹೊಲ ಎಷ್ಟೋ ಮನೆಗಳಿಗೆ ಮೊದಲ ಬಾರಿಗೆ ಸ್ವಂತವಾಯಿತು.

ಆಸ್ತಿಯ ಈ ಚರಿತ್ರೆಯಲ್ಲಿ ಸವದತ್ತಿ ತಾಲ್ಲೂಕಿನ ಶಿರಸಂಗಿಗೆ ಬೇರೆಯೇ ಒಂದು ಸ್ಥಾನವಿದೆ. ಅಲ್ಲಿನ ದೇಸಾಯಿ ಮನೆತನಕ್ಕೆ ದತ್ತಕ ಬಂದ ಲಿಂಗರಾಜ ದೇಸಾಯಿಯವರು (1861–1906) ಶಿರಸಂಗಿ ಮತ್ತು ನವಲಗುಂದದ ತಮ್ಮ ಆಸ್ತಿಯನ್ನೆಲ್ಲ ಬಡ ವಿದ್ಯಾರ್ಥಿಗಳ ಓದಿಗೆಂದು ಮೃತ್ಯುಪತ್ರ ಬರೆದಿಟ್ಟರು. 1904ರಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರೂ ಅವರೇ. ಅವರ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಎರೆಹೊಲದ ಉತ್ಪನ್ನ ಶಾಲೆ, ವಸತಿನಿಲಯ, ಪದವಿಗಳಾಗಿ ಬೆಳೆದದ್ದು ಈ ನೆಲದ ಹೆಮ್ಮೆ. ಶಿರಸಂಗಿಗೆ ಹೋದವರು ಕಾಳಿಕಾದೇವಿಯ ಗುಡಿಯ ಜೊತೆಗೆ ದೇಸಾಯರ ವಾಡೆಯನ್ನೂ ನೋಡಿ ಬರಬೇಕು.

ಕಟ್ಟಿದ ನೀರು, ಉಕ್ಕಿದ ನೀರು

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ನುಸುಳುತ್ತಿತ್ತು. ಅಲ್ಲಿಯೇ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ನೀರು ನಿಲ್ಲಿಸಿದರು. ಅದು ರೇಣುಕಾಸಾಗರ, 37.73 ಟಿಎಂಸಿ ಅಡಿ ಹಿಡಿಯುವ ಜಲಾಶಯ. ಹಿನ್ನೀರಿನ ಕಡೆಯವರು ಹೊಲ ಮನೆ ಕಳೆದುಕೊಂಡರು. ಕಾಲುವೆಯ ಕಡೆಯವರಿಗೆ ನೀರಿನ ಭರವಸೆ ಸಿಕ್ಕಿತು. ಭರವಸೆಯಷ್ಟು ನೀರು ಎಲ್ಲ ಹೊಲಕ್ಕೂ ಹರಿಯುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದರು, ರೈತರು ಸತ್ತರು. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಎದ್ದ ಆ ಕಿಚ್ಚು ಕರ್ನಾಟಕ ರಾಜ್ಯ ರೈತ ಸಂಘಕ್ಕೆ ಬುನಾದಿಯಾಯಿತು. ಜುಲೈ 21 ಇಂದಿಗೂ ರೈತ ಹುತಾತ್ಮರ ದಿನ.

ಆಮೇಲಿನ ವರ್ಷಗಳಲ್ಲಿ ಜಲಾಶಯ ತುಂಬಿದ್ದಕ್ಕಿಂತ ತುಂಬದೇ ಉಳಿದದ್ದೇ ಹೆಚ್ಚು. ಹುಬ್ಬಳ್ಳಿ, ಧಾರವಾಡದಂಥ ಊರುಗಳೂ ಇದೇ ನೀರು ಕುಡಿಯುತ್ತವೆ. ಮಹದಾಯಿ ಕಣಿವೆಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ಇಲ್ಲಿ ಇಷ್ಟು ಗಟ್ಟಿಯಾಗಿರುವುದು ಅದಕ್ಕೇ. 2018ರ ಮಹದಾಯಿ ನ್ಯಾಯಮಂಡಳಿಯ ತೀರ್ಪು ಇವೆರಡಕ್ಕೂ ಸೇರಿ 3.9 ಟಿಎಂಸಿ ಅಡಿ ಕೊಟ್ಟಿದೆ. ಹೊಲ ಇನ್ನೂ ಕಾಯುತ್ತಿದೆ.

2019ರ ಆಗಸ್ಟ್‌ನಲ್ಲಿ ಅದೇ ಹೊಳೆ ಉಕ್ಕಿ ಬಂತು. ಮುನವಳ್ಳಿಯಿಂದ ರಾಮದುರ್ಗದವರೆಗೆ ದಂಡೆಯ ಊರುಗಳು ಮುಳುಗಿದವು, ಮಣ್ಣಿನ ಮನೆಗಳು ಕುಸಿದವು. ರಾಮದುರ್ಗ ಭಾಗದಲ್ಲಿ ಹೊಲದಷ್ಟೇ ಮಗ್ಗವೂ ಅನ್ನ ಕೊಡುತ್ತದೆ. ಆ ಸಲ ನೇಕಾರರ ಮನೆಗಳಿಗೆ ನೀರು ನುಗ್ಗಿ ಮಗ್ಗ, ನೂಲು ಎರಡೂ ಕೆಸರಾದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆದರೆ ತಲೆಮಾರುಗಳಿಂದ ವಾಸವಿದ್ದ ಮನೆಗೆ ತನ್ನ ಹೆಸರಿನ ಕಾಗದ ತೋರಿಸುವುದು ಬಡವರಿಗೆ ಸುಲಭವಲ್ಲ.

ವಸ್ತಿ ಬಸ್ಸು, ಯಲ್ಲಮ್ಮನ ಚಕ್ಕಡಿ

ಈ ನಾಲ್ಕು ಪಟ್ಟಣಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣವಿಲ್ಲ. ಧಾರವಾಡದಿಂದ ಬೆಳಗಾವಿಗೆ ರೈಲು ಹೋಗುವುದು ಲೋಂಡಾ ಬಳಸಿ. ಕಿತ್ತೂರಿನ ಮೇಲೆ ಹಾಯುವ ಸುಮಾರು 73 ಕಿ.ಮೀ. ನೇರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ. ಊರಿಗೆ ರೈಲು ಬರಲೆಂಬ ಆಸೆ ಎಲ್ಲರಿಗೂ ಇದೆ; ಹಳಿ ಹಾಯುವ ಹೊಲದವರಿಗೆ ನೆಲ ಹೋಗುವ ಭಯವೂ ಇದೆ.

ಅಲ್ಲಿಯವರೆಗೆ ಇಲ್ಲಿನ ಬದುಕನ್ನು ಹೊತ್ತು ತಿರುಗುವುದು ವಾಯವ್ಯ ಸಾರಿಗೆಯ ಬಸ್ಸು. ಅದರಲ್ಲೂ ವಸ್ತಿ ಬಸ್ಸು ಹಳ್ಳಿಯ ಗಡಿಯಾರ. ಸಂಜೆ ಬಂದು, ಚಾಲಕ ನಿರ್ವಾಹಕರು ಊರಲ್ಲೇ ಮಲಗಿ, ನಸುಕಿನಲ್ಲಿ ಹೊರಡುತ್ತದೆ. ಕಾಲೇಜಿನ ಹುಡುಗಿಯರು, ಕಾಯಿಪಲ್ಯೆಯ ಬುಟ್ಟಿ, ದವಾಖಾನೆಗೆ ಹೊರಟ ಮುದುಕರು, ಕೋರ್ಟಿಗೆ ತಾರೀಖು ಇದ್ದವರು ಎಲ್ಲ ಅದರಲ್ಲಿ. ಅದು ತಪ್ಪಿದರೆ ಟಂಟಂ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ತವರಿಗೆ, ಸಂತೆಗೆ, ಯಲ್ಲಮ್ಮನಿಗೆ ಹೋಗಲು ಯಾರ ಕೈಯನ್ನೂ ನೋಡಬೇಕಾಗಿಲ್ಲ ಎಂಬುದು ಇಲ್ಲಿನ ಹೆಂಗಸರ ಬಾಳಿನಲ್ಲಿ ದೊಡ್ಡ ಬದಲಾವಣೆ.

ಸವದತ್ತಿಯಿಂದ ಸುಮಾರು 5 ಕಿ.ಮೀ. ದೂರದ ಯಲ್ಲಮ್ಮನ ಗುಡ್ಡ ಮಂಗಳವಾರ, ಶುಕ್ರವಾರಗಳಂದು ತುಂಬುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಹಾರಾಷ್ಟ್ರದ ಭಕ್ತರು ಚಕ್ಕಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನಲ್ಲಿ, ಮನೆಮಂದಿಯೆಲ್ಲ ಬಂದು ಗುಡ್ಡದಲ್ಲೇ ಒಲೆ ಹೂಡುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಭಂಡಾರ ಹಚ್ಚಿಕೊಂಡು, ಪಡ್ಡಲಗಿ ತುಂಬಿಸಿ, ಉಧೋ ಉಧೋ ಎನ್ನುತ್ತ ಮೇಲೇರುತ್ತಾರೆ. ಸವದತ್ತಿಗೆ ಬಂದವರು ಊರೊಳಗಿನ ಕೋಟೆ, ಹತ್ತಿರದ ಹೂಲಿಯ ಪಂಚಲಿಂಗೇಶ್ವರ ಗುಡಿ ನೋಡಬಹುದು. ಮಳೆಗಾಲದಲ್ಲಿ ಸೊಗಲದ ಸೋಮೇಶ್ವರನ ಬಳಿ ನೀರು ಧುಮುಕುತ್ತದೆ. ರಾಮದುರ್ಗದ ಕಡೆ ಗೊಡಚಿಯ ವೀರಭದ್ರ, ಸುರೇಬಾನದ ಶಬರಿಕೊಳ್ಳ, ತೊರಗಲ್ಲಿನ ಕೋಟೆ ಇವೆ. ಸೀಮೆ ನೋಡಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಕಿತ್ತೂರು ಉತ್ಸವ ಅಕ್ಟೋಬರ್ 23ಕ್ಕೆ ಶುರುವಾಗುತ್ತದೆ. ಎಳ್ಳಮಾಸಿಯ ಹೊತ್ತಿಗೆ ಜೋಳ, ಕಡಲೆ ಬೆಳೆದು ನಿಂತಿರುತ್ತವೆ. ಗೋವಾ, ಪುಣೆ, ಮಂಗಳೂರಿಗೆ ದುಡಿಯಲು ಹೋದವರೂ ಆ ದಿನ ಊರಿಗೆ ಬರಲು ನೋಡುತ್ತಾರೆ. ಸಜ್ಜೆರೊಟ್ಟಿ, ಎಣಗಾಯಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ ಆಮೇಲೆ ಉಣ್ಣುತ್ತಾರೆ. ಗೆಳೆಯರು, ಬೀಗರು, ದಾರಿಹೋಕರು ಯಾರು ಬಂದರೂ ಆ ದಿನ ಹೊಲದಲ್ಲಿ ಊಟವುಂಟು.

ಉತಾರದಲ್ಲಿ ಇಲ್ಲದ ಹೆಸರುಗಳು

ಕನ್ಯೆ ಕೇಳಲು ಬಂದವರ ಮುಂದೆ ಇಂದಿಗೂ ಬೀಳುವ ಮೊದಲ ಮಾತು, "ಹೊಲಾ ಎಷ್ಟ ಐತ್ರಿ? ನೀರಾವರಿ ಎಷ್ಟ?" ಉತ್ತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಅಜ್ಜನ ಒಂದು ಸರ್ವೆ ನಂಬರು ಮಕ್ಕಳ ಕಾಲಕ್ಕೆ ಹಿಸ್ಸೆಗಳಾಗಿ, ಮೊಮ್ಮಕ್ಕಳ ವಾಟ್ನಿಯಲ್ಲಿ ಗುಂಟೆಗೆ ಇಳಿಯುತ್ತದೆ. ಎತ್ತು ಕಟ್ಟಲು ಸಾಲದಷ್ಟು ಹೊಲ ಉಳಿದವರು ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿ ಊರು ಬಿಡುತ್ತಾರೆ. 1974ರ ಕಾನೂನು ಗೇಣಿಯನ್ನು ನಿಷೇಧಿಸಿದ್ದರಿಂದ ಲಾವಣಿ ಬರೀ ಬಾಯಿಮಾತಿನದು. ಬೀಜ, ಗೊಬ್ಬರದ ಸಾಲ ಮಾಡಿದವನು ಒಬ್ಬ. ಬೆಳೆ ಹೋದರೆ ಪರಿಹಾರ ಬೀಳುವುದು ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರಿದ್ದವನ ಖಾತೆಗೆ. ಬಿತ್ತಿದವನ ಹಕ್ಕನ್ನು ಕಾಗದದ ಮೇಲೆ ತರದೆ ರೈತಪರ ಯೋಜನೆ ಎಷ್ಟು ಮಾಡಿದರೂ ಅದು ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 2020ರ ತಿದ್ದುಪಡಿಯಿಂದ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಹೆದ್ದಾರಿ ಬದಿಯ ಸಣ್ಣ ಹಿಡುವಳಿಗಳಿಗೆ ಈಗ ಕಾವಲು ಬೇಕು.

ಇನ್ನೊಂದು ಕೊರತೆ ಮನೆಯೊಳಗಿನದು. ಗುಡ್ಡದ ಸುತ್ತಲಿನ ಊರುಗಳಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳು ತವರಲ್ಲೇ ಉಳಿದು ಗಂಡುಮಗನ ಹಾಗೆ ಮನೆತನ ಮುಂದುವರಿಸುವ ರೂಢಿಯಿತ್ತು. ಅದರ ಬೆಲೆಯನ್ನು ಅವಳು ತನ್ನ ಇಡೀ ಬಾಳಿನಿಂದ ತೆತ್ತಳು. 1982ರ ಕಾಯ್ದೆ ಆ ದೇವದಾಸಿ ಪದ್ಧತಿಯನ್ನು ನಿಷೇಧಿಸಿದ್ದು ನ್ಯಾಯವೇ. ಮಗಳಿಗೆ ಮಗಳಾಗಿಯೇ ಪಾಲು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲಿ ತಂದಿತು, ದೇಶ 2005ರಲ್ಲಿ ತಂದಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಆದರೂ ವಾರಸಾ ಮಾಡಿಸುವ ದಿನ ಅಕ್ಕತಂಗಿಯರನ್ನು ಕರೆಸಿ, ಸೀರೆ ಕುಪ್ಪಸ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಇಲ್ಲಿ ಸಾಮಾನ್ಯ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಅವರು ಸಹಿ ಹಾಕುತ್ತಾರೆ. ಕಳೆ ತೆಗೆದವರು, ಹತ್ತಿ ಬಿಡಿಸಿದವರು, ರಾಶಿ ಹಸನು ಮಾಡಿದವರು ಹೆಂಗಸರು. ಉತಾರದಲ್ಲಿ ಅವರ ಹೆಸರು ಅಪರೂಪ.

ಪಹಣಿಗಳು ಎರಡು ದಶಕಗಳಿಂದ ಕಂಪ್ಯೂಟರಿನಲ್ಲಿವೆ. ತೀರಿಹೋದವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವ ಪೌತಿ ಖಾತೆಯ ಕೆಲಸ ಹಳ್ಳಿಹಳ್ಳಿಯಲ್ಲಿ ನಡೆಯುತ್ತದೆ. ಆ ಅರ್ಜಿಯಲ್ಲಿ ಅಣ್ಣತಮ್ಮಂದಿರ ಹೆಸರಿನ ಕೆಳಗೆ ಅಕ್ಕತಂಗಿಯರ ಹೆಸರನ್ನೂ ಬರೆಯಲು ಹೊಸ ಕಾನೂನು ಬೇಕಿಲ್ಲ, ಖರ್ಚೂ ಇಲ್ಲ. ಮನೆಯ ಹಿರಿಯರು ಮನಸ್ಸು ಮಾಡಿದರೆ ಸಾಕು. ತನ್ನ ಹೊಲಕ್ಕಾಗಿ ಇಷ್ಟು ಹೋರಾಡಿದ ಸೀಮೆ ಆ ಮನಸ್ಸನ್ನು ಮಾಡಬೇಕು.