ತಾರಸಿಯ ಬಿಸಿಲು, ಬಿಲ್ಲಿನ ಜಮೆ

ಮಳೆಯ ವಿಷಯದಲ್ಲಿ ನಮ್ಮ ಸೀಮೆ ಬಡವೆಯೇ ಸರಿ. ರಾಯದುರ್ಗದಿಂದ ಮಡಕಶಿರದವರೆಗೆ ಎಲ್ಲಿ ನಿಂತು ನೋಡಿದರೂ ಶೇಂಗಾ ಹೊಲಗಳು ಮೋಡದ ದಾರಿ ಕಾಯುತ್ತಿರುತ್ತವೆ. ಆದರೆ ಬಿಸಿಲಿಗೆ ಮಾತ್ರ ಇಲ್ಲಿ ಬರವೆಂಬುದಿಲ್ಲ. ಮಡಕಶಿರದ ನೆರೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವ್ಯಾಟಿನ ಸೌರ ಉದ್ಯಾನವನ್ನು ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಅಲ್ಲಿ ಭೂಮಿ ರೈತರದು, ಕರೆಂಟು ಕಂಪೆನಿಗಳದು. ಇಲ್ಲಿ ಹೇಳಹೊರಟಿರುವುದು ಅದಕ್ಕಿಂತ ಬಲು ಸಣ್ಣದಾದ, ಆದರೆ ಮನೆಗೆ ಹತ್ತಿರವಾದ ಸಂಗತಿ: ಸ್ವಂತ ತಾರಸಿಯ ಮೇಲೆ ಹುಟ್ಟುವ ಕರೆಂಟು ಮತ್ತು ಅದರ ಲೆಕ್ಕ.

ಸೌರಫಲಕ ದುಡಿಯುವುದು ಹಗಲಿನಲ್ಲಿ. ನಮಗೆ ದೀಪ, ಫ್ಯಾನು, ಟಿ.ವಿ. ಹೆಚ್ಚಾಗಿ ಬೇಕಾಗುವುದು ಸಂಜೆಯ ಮೇಲೆ. ಮಧ್ಯಾಹ್ನ ಮನೆಮಂದಿ ಹೊಲಕ್ಕೋ ಶಾಲೆಗೋ ಹೋಗಿರುವಾಗ ಮಿಕ್ಕ ಕರೆಂಟನ್ನು ಬ್ಯಾಟರಿಯಲ್ಲಿ ತುಂಬಿಡಬಹುದು. ಆದರೆ ಬ್ಯಾಟರಿ ದುಬಾರಿ, ಕೆಲವು ವರ್ಷಗಳಿಗೊಮ್ಮೆ ಬದಲಿಸಲೂ ಬೇಕು. ಎರಡನೆಯ ಮಾರ್ಗವೆಂದರೆ ಅದನ್ನು ಬೀದಿಯ ತಂತಿಗೇ ಕೊಟ್ಟುಬಿಡುವುದು. ಬಿತ್ತನೆಯ ಕಾಲಕ್ಕೆ ನೆರೆಯವನ ಹೊಲಕ್ಕೆ ಮುಯ್ಯಾಳಾಗಿ ಹೋಗಿ, ನಮ್ಮ ಸರದಿ ಬಂದಾಗ ಆ ಆಳನ್ನು ಮರಳಿ ಪಡೆಯುವ ಪದ್ಧತಿ ಹಳ್ಳಿಗಳಲ್ಲಿ ಉಂಟಷ್ಟೆ. ಅಂತೆಯೇ ಹಗಲು ಕೊಟ್ಟ ಯೂನಿಟ್ಟು ರಾತ್ರಿ ಪಡೆದ ಯೂನಿಟ್ಟಿನಲ್ಲಿ ವಜಾ ಆಗುತ್ತದೆ. ಇದಕ್ಕೆ ನೆಟ್ ಮೀಟರಿಂಗ್ ಎಂದು ಹೆಸರು. ಅಮೆರಿಕದ ಮಿನ್ನೆಸೋಟ ರಾಜ್ಯ 1983ರಷ್ಟು ಹಿಂದೆಯೇ ಇದಕ್ಕೆ ಕಾನೂನು ಮಾಡಿತು. ಆಗಿನ ಮೀಟರಿನ ಬಿಲ್ಲೆ ಹಿಮ್ಮುಖವಾಗಿ ತಿರುಗಿ ಲೆಕ್ಕವನ್ನು ತಾನೇ ಕಳೆಯುತ್ತಿತ್ತು. ಈಗಿನ ಮೀಟರು ಕೊಟ್ಟದ್ದನ್ನೂ ಕೊಂಡದ್ದನ್ನೂ ಬೇರೆಬೇರೆಯಾಗಿ ಬರೆದಿಡುತ್ತದೆ.

ಲಾಭವೆಷ್ಟು ಎಂಬುದು ಏಳನೆಯ ತರಗತಿಯ ಮಕ್ಕಳಿಗೆ ಕೊಡಬಹುದಾದ ಲೆಕ್ಕ. ಆಂಧ್ರಪ್ರದೇಶದ 2022-23ರ ದರಪಟ್ಟಿಯಂತೆ ಗೃಹಬಳಕೆಯ ಮೊದಲ 30 ಯೂನಿಟ್ಟಿಗೆ ರೂ. 1.90, 75ರವರೆಗೆ ರೂ. 3, 125ರವರೆಗೆ ರೂ. 4.50, 225ರವರೆಗೆ ರೂ. 6. ತಿಂಗಳಿಗೆ 200 ಯೂನಿಟ್ಟು ಸುಡುವ ಮನೆಗೆ ಕರೆಂಟಿನ ಬೆಲೆಯೇ ರೂ. 867. ಒಂದು ಕಿಲೋವ್ಯಾಟಿನ ಫಲಕ ದಿನಕ್ಕೆ ಸುಮಾರು 4 ಯೂನಿಟ್ಟಿನಂತೆ ತಿಂಗಳಿಗೆ 120 ಕೊಟ್ಟಿತೆನ್ನೋಣ. ಹಗಲು ಮನೆಯಲ್ಲಿ 50 ಖರ್ಚಾಗಿ 70 ತಂತಿಗೆ ಹೋಯಿತು. ರಾತ್ರಿ ತಂತಿಯಿಂದ 150 ಬಂತು. ಬಿಲ್ಲು ಬರತಕ್ಕದ್ದು 80 ಯೂನಿಟ್ಟಿಗೆ ಮಾತ್ರ, ಅಂದರೆ ರೂ. 214.50. ಉಳಿತಾಯ ರೂ. 652.50.

ಇನ್ನೊಂದು ಕಿಲೋವ್ಯಾಟ್ ಸೇರಿಸಿದರೆ ಉಳಿತಾಯ ಇಮ್ಮಡಿಯಾಗುವುದೆಂದು ಭಾವಿಸಬಾರದು. ಮೊದಲನೆಯದು ದುಬಾರಿ ಯೂನಿಟ್ಟುಗಳನ್ನು ಆಗಲೇ ಕಳೆದಿರುತ್ತದೆ. ಎರಡನೆಯದಕ್ಕೆ ಉಳಿಯುವುದು ಅಗ್ಗದ ಆ ರೂ. 214.50 ಮಾತ್ರ. ಅದರ ಮೇಲೆ ಮಿಕ್ಕ 40 ಯೂನಿಟ್ಟು ಜಮೆಯಾಗುತ್ತದೆ. ಲೆಕ್ಕ ಚುಕ್ತಾ ಮಾಡುವಾಗ ಅದಕ್ಕೆ ಸಿಗುವುದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸಿದ ದರವೇ ಹೊರತು ನಾವು ಕೇಳಿದ ಬೆಲೆಯಲ್ಲ. ಮಾರಾಟಗಾರರು ದೊಡ್ಡದನ್ನೇ ಕೊಳ್ಳಿರೆಂದು ಒತ್ತಾಯಿಸುವಾಗ ಹನ್ನೆರಡು ತಿಂಗಳ ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡುವುದು ಲೇಸು. ನಿಗದಿತ ಶುಲ್ಕವಂತೂ ಬಿಲ್ಲು ಸೊನ್ನೆಯಾದರೂ ತಪ್ಪುವುದಿಲ್ಲ.

ಗಡಿಯಾಚೆಯ ಬೀಗರ ಮಾತನ್ನು ನಂಬಿ ಲೆಕ್ಕ ಹಾಕುವವರೂ ನಮ್ಮಲ್ಲಿ ಇದ್ದಾರೆ. ಕರ್ನಾಟಕದ ಆಯೋಗ 2013ರಲ್ಲಿ ಸಹಾಯಧನವಿಲ್ಲದ ತಾರಸಿ ಕರೆಂಟಿಗೆ ಯೂನಿಟ್ಟಿಗೆ ರೂ. 9.56 ಗೊತ್ತುಮಾಡಿತ್ತೆಂಬುದು ನಿಜ. ಮುಂದೆ ಫಲಕಗಳ ಬೆಲೆ ಇಳಿದಂತೆ ಆ ದರವನ್ನೂ ಇಳಿಸಲಾಯಿತು. ಅದೇನೇ ಇರಲಿ, ಅವರ ನಿಯಮ ನಮಗೆ ಅನ್ವಯಿಸದು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ ರಾಯದುರ್ಗ ಅನಂತಪುರದಲ್ಲೇ ಉಳಿದರೂ ಎರಡಕ್ಕೂ ಕರೆಂಟು ಹಂಚುವುದು ತಿರುಪತಿಯಲ್ಲಿ ಕೇಂದ್ರವಿರುವ ದಕ್ಷಿಣ ವಿತರಣಾ ಕಂಪೆನಿಯೇ.

ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ ರೂ. 30,000, ಮೂರನೆಯದಕ್ಕೆ ರೂ. 18,000 ಸಹಾಯಧನವುಂಟು, ರೂ. 78,000ಕ್ಕೆ ಮೀರದು. ಯೋಜನೆಗೆ 2026-27ರವರೆಗೆ ಅವಧಿ ಗೊತ್ತುಮಾಡಿದ್ದಾರೆ. ಹಣ ಕೈಸೇರುವುದು ಫಲಕ ಕೂರಿಸಿ, ಮೀಟರು ಬದಲಾಗಿ, ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗಿನ ಹಣವನ್ನು ಮನೆಯವರೇ ಹೊಂದಿಸಿಕೊಳ್ಳಬೇಕು, ಇಲ್ಲವೇ ಬ್ಯಾಂಕಿನ ಸಾಲ ಪಡೆಯಬೇಕು. ಕಿಲೋವ್ಯಾಟಿಗೆ ನೂರು ಚದರ ಅಡಿಯಷ್ಟು ನೆರಳಿಲ್ಲದ ಗಟ್ಟಿ ತಾರಸಿ ಬೇಕಾಗುವುದರಿಂದ ಹಳೆಯ ಮಣ್ಣಿನ ಮಾಳಿಗೆಗಳಿಗೆ ಇದು ಒಗ್ಗುವುದು ಕಷ್ಟ.

ಇನ್ನೊಂದು ವಿಷಯವನ್ನು ಮಾರುವವರು ಬಾಯಿಬಿಟ್ಟು ಹೇಳುವುದು ಕಡಿಮೆ. ಬೀದಿಯಲ್ಲಿ ಕರೆಂಟು ಹೋದರೆ ಉರಿಬಿಸಿಲಿನಲ್ಲೂ ಈ ಫಲಕಗಳು ಮನೆಗೆ ಕರೆಂಟು ಕೊಡುವುದಿಲ್ಲ. ಕಂಬ ಹತ್ತಿದ ಲೈನ್‌ಮ್ಯಾನನಿಗೆ ನಮ್ಮ ತಾರಸಿಯ ಕರೆಂಟು ಹೊಡೆಯಬಾರದೆಂದು ಇನ್ವರ್ಟರು ತಾನಾಗಿ ನಿಲ್ಲುವಂತೆ ಮಾಡಿದ್ದಾರೆ. ನ್ಯಾಯವಾದ ಏರ್ಪಾಡೇ, ಆದರೆ ಕತ್ತಲಿಗೆ ಹೆದರಿ ಸೌರಫಲಕ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು.

ನಮ್ಮ ಊರುಗಳಲ್ಲಿ ಅರ್ಜಿ ಮುಗ್ಗರಿಸುವುದು ಬಿಸಿಲಿನ ಕೊರತೆಯಿಂದಲ್ಲ, ಹೆಸರಿನಿಂದ. ಮೀಟರು ತೀರಿಕೊಂಡ ತಾತನ ಹೆಸರಿನಲ್ಲಿ, ಮನೆ ದೊಡ್ಡಪ್ಪನ ಹೆಸರಿನಲ್ಲಿ, ಬ್ಯಾಂಕಿನ ಖಾತೆ ಮಗನದು. ಸಾಲದೆಂಬಂತೆ ಕನ್ನಡದ ಹೆಸರು ತೆಲುಗಿನ ಕಾಗದದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಮತ್ತೊಂದು ಬಗೆ. ಆದುದರಿಂದ ಫಲಕದ ಬೆಲೆ ವಿಚಾರಿಸುವ ಮುಂಚೆ ಮೀಟರಿನ ಹೆಸರು ಬದಲಾವಣೆಯ ಅರ್ಜಿ ಕೊಡತಕ್ಕದ್ದು. ಹೊಸ ಮೀಟರು ಬಂದ ದಿನ, ಕೂರಿಸಿದವರು ಹೊರಡುವ ಮೊದಲೇ, ಕೊಟ್ಟದ್ದರ ಮತ್ತು ಕೊಂಡದ್ದರ ಆರಂಭದ ಅಂಕಿಗಳೆರಡನ್ನೂ ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಬೇಕು. ತೆಲುಗು ಬಿಲ್ಲು ಓದಲು ಬಾರದ ಹಿರಿಯರಿಗೆ ತಿಂಗಳ ಕೊನೆಗೆ ಆ ಎರಡು ಅಂಕಿಗಳೇ ಸಾಕು.