ಸಿಸಿಗೆ ಮಿತಿ, ಜೇಬಿಗಿಲ್ಲ

ಸಂಜೆಯಾದರೆ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಹೊರಬಿದ್ದ ಈರುಳ್ಳಿ ಲಾರಿಗಳು ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಹಾರನ್ ಹೊಡೆಯುತ್ತಿರುತ್ತವೆ. ಆ ಗದ್ದಲ ದಾಟಿ ಕೈಗಾರಿಕಾ ಉಪನಗರದ ಅಡ್ಡರಸ್ತೆಗೆ ತಿರುಗಿದರೆ ಲೇತ್ ಅಂಗಡಿಗಳು, ಕಬ್ಬಿಣದ ಸಿಂಬೆಗಳ ರಾಶಿ. ಟೂ-ಸ್ಟ್ರೋಕ್ ಎಣ್ಣೆ ಸುಟ್ಟ ಘಾಟಿನ ಜಾಡು ಹಿಡಿದು ಹೋದರೆ ಒಂದು ತಗಡಿನ ಶೆಡ್ಡು. ಒಳಗೆ ಯಮಹಾ ಆರ್‌ಎಕ್ಸ್ 100. ಹೆಡ್‌ಲೈಟಿಲ್ಲ, ಮಡ್‌ಗಾರ್ಡಿಲ್ಲ, ಸೀಟಿದ್ದ ಜಾಗದಲ್ಲಿ ತೆಳ್ಳನೆ ಸ್ಪಂಜು.

ಇದು ತಯಾರಾಗುತ್ತಿರುವುದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನ ಡ್ರ್ಯಾಗ್ ರೇಸಿಗೆ. ಕಾಲು ಮೈಲಿ, ಅಂದರೆ 402 ಮೀಟರ್ ನೇರ ಓಟ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ವ್ಯತ್ಯಾಸಕ್ಕೆ ತಿಂಗಳುಗಟ್ಟಲೆ ಕೈ ಮಸಿ.

ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿಯುತ್ತಾನೆ. ತುದಿ ಬಿಳಿಚಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಪಿಸ್ಟನ್ ಸೀಜ್ ಆಗುವುದು ಗ್ಯಾರಂಟಿ. ಕಪ್ಪಗೆ ಒದ್ದೆಯಾಗಿದ್ದರೆ ಹೆಚ್ಚಾಗಿದೆ. ಅವನಿಗೆ ಬೇಕಾದ್ದು ಕಾಫಿಪುಡಿಯ ಬಣ್ಣ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದುಬಿಡುವ ಜೆಟ್ ಬದಲಾಯಿಸಿ ಮತ್ತೆ ಕಿಕ್ಕು, ಮತ್ತೆ ಪ್ಲಗ್ಗು. ದುಡ್ಡಿರುವ ತಂಡ ಗಾಡಿಯನ್ನು ಎಂಜಿನ್ ಬಲ ಅಳೆಯುವ ಡೈನೋ ಮೇಲೆ ನಿಲ್ಲಿಸಿ ಇದನ್ನೇ ಪರದೆಯಲ್ಲಿ ನೋಡಿಕೊಳ್ಳುತ್ತದೆ. ಸೀಜ್ ಆದರೆ ಸ್ಪೇರ್ ಎಂಜಿನ್ ಕೂರಿಸುತ್ತದೆ. ಇಲ್ಲಿ ಸ್ಪೇರ್ ಎಂದರೆ ಗುಜರಿಯಲ್ಲಿ ಆರಿಸಿ ಬೋರ್ ಮಾಡಿಸಿಟ್ಟ ಒಂದು ಬ್ಲಾಕು. 1996ರಲ್ಲೇ ತಯಾರಿಕೆ ನಿಂತ ಗಾಡಿ. ಗುಜರಿ ಬ್ಲಾಕಿಗೂ ಈಗ ಬಂಗಾರದ ಬೆಲೆ.

ರೇಸಿನ ರೂಲ್ ಎಂಜಿನ್ ಎಷ್ಟು ಸಿಸಿ ಎಂದು ಕೇಳುತ್ತದೆ, ಜೇಬು ಎಷ್ಟು ಆಳ ಎಂದು ಕೇಳುವುದಿಲ್ಲ. ಕೈ ಚಳಕ ಬಡ ತಂಡವನ್ನು ಒಂದು ಹಂತದವರೆಗೆ ಒಯ್ದೀತು, ಆಚೆಗೆ ರೂಲೇ ಕಾಯಬೇಕು. ಕೊಯಮತ್ತೂರಿನ ಕರಿವರ್ಧನ್ 1980ರ ದಶಕದ ಕೊನೆಗೆ ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ್ದು ಈ ಲೆಕ್ಕದಲ್ಲೇ: ಎಲ್ಲರಿಗೂ ಒಂದೇ ಎಂಜಿನ್, ಅದೂ ಪೇಟೆಯಲ್ಲಿ ಸಿಗುವಂಥದ್ದು. ಫಾರ್ಮುಲಾ ಒನ್ ತಂಡಗಳ ಖರ್ಚಿಗೆ ಕಡಿವಾಣ ಬಿದ್ದದ್ದು 2021ರಲ್ಲಿ, ಆ ವರ್ಷಕ್ಕೆ 14.5 ಕೋಟಿ ಡಾಲರ್. ಚಾಲಕರ ಸಂಬಳ ಬೇರೆ! ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ಪಾಲಿಗೆ ಆ ಕಡಿವಾಣ ತಡವಾಯಿತು. ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಮರ್ಸಿಡಿಸ್‌ನಿಂದ ಕೊಂಡು, ತನಗಿಂತ ಎಷ್ಟೋ ಹೆಚ್ಚು ಸುರಿಯುವವರನ್ನು ಹಿಂದಿಕ್ಕಿ 2016, 2017ರಲ್ಲಿ ನಾಲ್ಕನೇ ಸ್ಥಾನ ಗಿಟ್ಟಿಸಿದ ತಂಡ, 2018ರ ಜುಲೈನಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಸೇರಿತು.

ಶೆಡ್ಡಿನಲ್ಲಿ ಡಾಲರ್ ಮಾತಿಲ್ಲ. ಎಂಟ್ರಿ ಫೀಸು, ಲಾಡ್ಜು, ಡೀಸೆಲ್ಲು. ಆರ್.ಟಿ. ನಗರದಿಂದ ಬಂದ ಹುಡುಗನೊಬ್ಬ ಬಾಗಿಲಲ್ಲಿ ಇಣುಕುತ್ತಾನೆ. ಅದೇ ಕ್ಲಾಸಿನಲ್ಲಿ ಓಡಿಸುವ ಎದುರಾಳಿ.

"ಅಣ್ಣ, ನಿಮ್ ಗಾಡೀನೂ ನಮ್ ಪಿಕಪ್ಪಲ್ಲೇ ಹಾಕ್ಬಿಡಿ. ಡೀಸೆಲ್ ಅರ್ಧ ಅರ್ಧ."

"ಆಯ್ತು ಕಣೋ."

"ಜೆಟ್ ಯಾವ್ ನಂಬರ್ ಹಾಕಿದೀರ?"

ಮೆಕ್ಯಾನಿಕ್ ಕಾರ್ಬುರೇಟರಿನ ಮೇಲೆ ಬನಿಯನ್ ವೇಸ್ಟು ಎಳೆದು ಮುಚ್ಚುತ್ತಾನೆ. "ರೇಸ್ ಮುಗೀಲಿ, ವಾಪಸ್ ಬರ್ತಾ ಹೇಳ್ತೀನಿ."