ನೀರು ನಿಂತ ಮೇಲೆ ಪೈಪಿನೊಳಗೆ ಏನಾಗುತ್ತೆ?

ನಮ್ಮ ಆವರಗೆರೆಲಿ ನಲ್ಲಿ ನೀರು ಬಂದ ಕೂಡಲೇ
ಮೊದಲ ಕೊಡ ಚೆಲ್ತೀವಿ.
ಯಾಕೆ, ಗೊತ್ತಾ?

2023ರ ಆಗಸ್ಟ್.
ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿ.
ಕಲುಷಿತ ನೀರು ಕುಡಿದು ವಾಂತಿ, ಭೇದಿ.
ಜೀವಗಳೇ ಹೋದವು.

ಇಂಥ ಕಡೆ ಕಾಲರಾ ಅನುಮಾನ ಬಂದೇ ಬರುತ್ತೆ.
ಅದರ ಗುರುತು?
ಅಕ್ಕಚ್ಚಿನ ಥರ ಬಿಳಿಚಿದ ಭೇದಿ.

ರೋಗದ ಮೂಲ ಪತ್ತೆ ಹೇಗೆ?
ಮನೆ ಮನೆಗೆ ಹೋಗಿ ಕೇಳೋದು:
ಯಾರಿಗೆ? ಯಾವತ್ತಿಂದ? ಯಾವ ನಲ್ಲಿ?
ಒಂದೊಂದು ಉತ್ತರಕ್ಕೂ ನಕ್ಷೆ ಮೇಲೊಂದು ಚುಕ್ಕಿ.
1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಮೂಲ ಹುಡುಕಿದ್ದೂ ಹೀಗೇ.

ಚುಕ್ಕಿ ಗುಂಪಾದಲ್ಲಿ ನೆಲ ಅಗೆದ್ರೆ,
ಎಷ್ಟೋ ಸಲ ಪೈಪು ಚರಂಡಿ ಮಗ್ಗುಲಲ್ಲೇ!
ನೀರು ನಿಂತಾಗ ಒಡೆದ ಪೈಪು
ಎಳನೀರಿನ ಸ್ಟ್ರಾ ಇದ್ದಂಗೆ.
ಸುತ್ತಲ ಕೊಳೆ ಹೀರ್ಕೊಳ್ಳುತ್ತೆ.
ಮತ್ತೆ ನೀರು ಬಂದಾಗ ಆ ಕೊಳೆ ಮೊದಲ ಕೊಡಕ್ಕೆ!

ಪೈಪು ರಿಪೇರಿ ಆಗೋವರೆಗೂ ನೀರು ಕುದಿಸಿ.
ಭೇದಿ ಶುರುವಾಯ್ತಾ?
ಒಂದು ಲೀಟರ್ ನೀರಿಗೆ ದೊಡ್ಡ ಓಆರ್‌ಎಸ್ ಪ್ಯಾಕೆಟ್ ಒಂದು.
ಗುಟುಕು ಗುಟುಕಾಗಿ ಕುಡಿಸ್ತಾನೇ
ಆಸ್ಪತ್ರೆಗೆ ಹೊರಡಿ.